ದೊರೆಯ ನಿಲುವಂಗಿ, ಕುಂಟ ನಾಯಿ

ಹತಾಯಜ್ಜಿಯ ಮಗ್ಗದಿಂದ ವರ್ಷದ ಮೊದಲ ಬಟ್ಟೆ ಇಳಿಯುವ ದಿನ ನಮ್ಮೂರಲ್ಲಿ ಯಾರೂ ಕೊಳ್ಳುವ ಮಾತೆತ್ತಿಕೊಂಡು ಅವಳ ಅಂಗಳಕ್ಕೆ ಕಾಲಿಡುತ್ತಿರಲಿಲ್ಲ. ಇಟ್ಟವರು ಚೆನ್ನಾಗಿ ಉಗಿಸಿಕೊಂಡು ಬರುತ್ತಿದ್ದರು. ಒಂದು ವರ್ಷ ಫಾನ್‌ರಾಂಗ್ ಪೇಟೆಯ ಅಂಗಡಿಯವನೊಬ್ಬ, ಪಾಪ, ಏನೂ ಗೊತ್ತಿಲ್ಲದೆ ಬಂದು, ಹಗ್ಗದ ಮೇಲೆ ಹರವಿದ್ದ ಕೆಂಪಂಚಿನ ಕರಿ ಲಂಗವನ್ನು ಮುಟ್ಟಿ ನೋಡಿದ. ಅಜ್ಜಿ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ, ಅದು ಬೆಟ್ಟಕ್ಕೆ ಹೋಗುವ ಬಟ್ಟೆ, ಕೈ ತೆಗಿ ಅಂದಳು. ಬೇರೆಯವರಿಗಿಂತ ಹೆಚ್ಚು ಕೊಡುತ್ತೇನೆ ಎಂದ ಅವನು. ಅಷ್ಟು ಸಾಕಾಯಿತು. ಅಜ್ಜಿ ಅವನ ಅಪ್ಪನಿಂದ ಶುರುಮಾಡಿ ಮುತ್ತಜ್ಜನವರೆಗೆ ಒಬ್ಬರನ್ನೂ ಬಿಡದೆ ವಿಚಾರಿಸಿಕೊಂಡಳು.

ಆ ಬಟ್ಟೆ ಬೆಟ್ಟಕ್ಕೆ ಏಕೆ ಹೋಗುತ್ತದೆ ಅನ್ನುವುದನ್ನು ನಮ್ಮ ಓಣಿಯಲ್ಲಿ ಮಾತು ಕಲಿತ ಮಗುವೂ ಹೇಳೀತು. ಆದರೆ ಅಜ್ಜಿಯ ಬದುಕನ್ನು ಬಿಟ್ಟು ಅದೊಂದನ್ನೇ ಹೇಳಲು ಬರುವುದಿಲ್ಲ. ಅವಳ ಹುಟ್ಟಿನಿಂದಲೇ ಹೇಳಿಕೊಂಡು ಬರಬೇಕು.

ಹತಾಯ್ ಹುಟ್ಟಿದ್ದು ನಾಲ್ಕು ಹೆಣ್ಣುಮಕ್ಕಳಲ್ಲಿ ಕೊನೆಯವಳಾಗಿ. ನಮ್ಮ ಚಾಮ್ ಜನರಲ್ಲಿ ಕೊನೆಯ ಮಗಳಾಗಿ ಹುಟ್ಟುವುದು ಅದೃಷ್ಟವೋ ಗ್ರಹಚಾರವೋ, ಇವತ್ತಿಗೂ ಇತ್ಯರ್ಥವಾಗಿಲ್ಲ. ಮನೆ ಅವಳದು, ಮಗ್ಗ ಅವಳದು. ಹಾಗೆಯೇ ಸೋರುವ ಸೂರು, ಹಾಸಿಗೆ ಹಿಡಿದ ತಾಯಿ, ತೊಲೆಗೆ ನೇತುಹಾಕಿದ ಹಿರಿಯರ ಬುಟ್ಟಿ, ಇವೂ ಅವಳವೇ. ಆ ಬುಟ್ಟಿಯಲ್ಲಿ ಸತ್ತ ಹಿರಿಯರ ಬಟ್ಟೆಗಳಿರುತ್ತವೆ. ಇಲಿ ಕಡಿಯದಂತೆ, ಹುಳ ಹಿಡಿಯದಂತೆ ಕಾಯಬೇಕು, ಹೊತ್ತುಹೊತ್ತಿಗೆ ಇಳಿಸಿ ಎಡೆಯಿಡಬೇಕು. ಅಕ್ಕಂದಿರು ಮೂವರೂ ಗಂಡಂದಿರನ್ನು ಕರೆದುಕೊಂಡು ಬಂದು ಅದೇ ಅಂಗಳದ ಸುತ್ತ ಬೇರೆ ಬೇರೆ ಮನೆ ಹೂಡಿದರು. ಹಬ್ಬಕ್ಕೊಮ್ಮೆ ಕೋಳಿ ಹಿಡಿದು ಬರುವುದು, ಉಣ್ಣುವುದು, ಬುಟ್ಟಿಗೆ ಕೈಮುಗಿದು ಹೋಗುವುದು. ಒಮ್ಮೆ ದೊಡ್ಡಕ್ಕ, ಮನೆಯೆಲ್ಲ ನಿನಗೇ ಸಿಕ್ಕಿತಲ್ಲ ಎಂದು ಮೂತಿ ತಿರುವಿದಾಗ ಹತಾಯ್ ಹಿತ್ತಲಿನಿಂದ ಏಣಿ ತಂದು ಅವಳ ಮುಂದೆ ನಿಲ್ಲಿಸಿದಳು.

"ನನಗೆ ಸಿಕ್ಕಿದ್ದು ಮನೆ ಅಲ್ಲಕ್ಕ, ಮನೆಯ ತೂತು. ಹತ್ತು. ಹುಲ್ಲು ಹೊದಿಸಿ ಇಳಿ, ಅರ್ಧ ಮನೆ ಇವತ್ತೇ ನಿಂದು."

ಅಕ್ಕ ಹತ್ತಲಿಲ್ಲ. ಮನೆಯ ಮಾತನ್ನೂ ಮತ್ತೆ ಎತ್ತಲಿಲ್ಲ.

ಗೊಣಗಾಟವೆಲ್ಲ ಹತಾಯಳಿಗೆ ಬಾಯಲ್ಲಿ ಮಾತ್ರ. ತಾಯಿಯ ಮಗ್ಗದ ಮುಂದೆ ಕೂತರೆ ಅವಳ ಹೊಟ್ಟೆ ತಣ್ಣಗಾಗುತ್ತಿತ್ತು. ಹೊರಗೆ ಮುಳ್ಳುಗಳ್ಳಿ, ಮರಳು, ಬೆಂಕಿಯಂಥ ಬಿಸಿಲು. ಒಳಗೆ ಲಾಳಿಯ ಸದ್ದು, ಉದ್ದೆಳೆಯ ಹಾಸಿನ ಮೇಲೆ ಅಡ್ಡೆಳೆಯ ಹೊಕ್ಕು ಕೂರುವ ಸದ್ದು. ತಾಯಿಗೆ ಬಂದದ್ದೆಲ್ಲ ಅವಳಿಗೂ ಬಂತು, ತಾಯಿಗೆ ಬಾರದ್ದೂ ಬಂತು. ತಾಯಿಗೆ ಬಾರದ್ದು ಒಂದೇ. ಲಂಗದ ಅಂಚಿನಲ್ಲಿ ಸಾಲಾಗಿ ನಾಯಿಹೆಜ್ಜೆ ನೇಯುವುದು ನಮ್ಮ ಓಣಿಯ ರೂಢಿ: ಒಂದು ಅಂಗಾಲು, ಅದರ ಮುಂದೆ ನಾಲ್ಕು ಬೆರಳು. ತಾಯಿಯ ಕೈಯಲ್ಲಿ ಮಾತ್ರ ಅದು ಯಾವಾಗಲೂ ಮೂರೇ ಬೆರಳು. ಚಿಕ್ಕಂದಿನಲ್ಲಿ ಎಳೆ ಎತ್ತುವ ಬಿದಿರುಕಡ್ಡಿಗಳಲ್ಲಿ ಒಂದನ್ನು ಬಿಟ್ಟು ಕಲಿತಿದ್ದಳು. ಕೈಗೆ ಅದೇ ಕೂತುಬಿಟ್ಟು ಸಾಯುವತನಕ ಸರಿಹೋಗಲಿಲ್ಲ. ಓಣಿಯವರು ಅವಳ ಬಟ್ಟೆಗೆ ಕುಂಟ ನಾಯಿ ಎಂದು ಹೆಸರಿಟ್ಟಿದ್ದರು. ಹತಾಯ್ ಎಂಟನೆಯ ವಯಸ್ಸಿಗೇ ನಾಲ್ಕು ಬೆರಳು ನೇಯ್ದು, ನೋಡಮ್ಮ ಎಂದು ಮುಂದೆ ಹಿಡಿದಾಗ ತಾಯಿಗೆ ನಗು ತಡೆಯಲಾಗಲಿಲ್ಲ. "ನಿನ್ನ ನಾಯಿ ಊರೂರು ಓಡುತ್ತೆ ಕಣೇ. ನಂದು ಕುಂಟ, ಮನೆ ಬಿಟ್ಟು ಹೋಗಲ್ಲ."

ಹೋಗುತ್ತಿತ್ತು ಅನ್ನುವುದು ಬೇರೆ ಮಾತು. ಪೇಟೆಯವರು ಬೆರಳೆಣಿಸಿ ಬೇಡವೆಂದ ಆ ಲಂಗಗಳನ್ನೆಲ್ಲ ಅಪ್ಪ ಎತ್ತಿನ ಗಾಡಿಗೆ ಹಾಕಿಕೊಂಡು, ಉಪ್ಪು ಮತ್ತು ಒಣಮೀನಿನ ಜೊತೆಗೆ ಬೆಟ್ಟದ ಬುಡಕ್ಕೆ ಒಯ್ಯುತ್ತಿದ್ದ. ಅಲ್ಲಿ ರಾಗ್ಲಾಯ್ ಜನ ಇಳಿದು ಬಂದು ಜೋಳ, ಜೇನು, ಧೂಪದ ಅಗರು ಕೊಟ್ಟು ಅವನ್ನು ಒಯ್ಯುತ್ತಿದ್ದರು. ರಾಗ್ಲಾಯರಲ್ಲಿ ಮಗ್ಗವಿಲ್ಲ. ಬಿದಿರಿನಲ್ಲಿ ಏನು ಬೇಕಾದರೂ ಹೆಣೆದಾರು, ನೇಯಲು ಬಾರದು. ಅವರು ಉಟ್ಟದ್ದೆಲ್ಲ ನಮ್ಮ ಓಣಿಯದೇ. ನಾಯಿಗೆ ಎಷ್ಟು ಬೆರಳು ಎಂದು ಅವರಲ್ಲಿ ಯಾರೂ ಜಗಳ ತೆಗೆದವರಲ್ಲ.

ಇನ್ನು ದೊರೆಯ ವಿಷಯ. ಊರಿಗೆ ಪಡುವಣದ ಗುಡ್ಡದ ಮೇಲೆ ಇಟ್ಟಿಗೆಯ ಗುಡಿ. ಒಳಗೆ ಲಿಂಗ, ಲಿಂಗಕ್ಕೆ ದೊರೆಯ ಮುಖ. ಬದುಕಿದ್ದಾಗ ಒಡ್ಡು ಕಟ್ಟಿ ಈ ಒಣನೆಲಕ್ಕೆ ನೀರು ತಂದವನು, ತೀರಿಕೊಂಡ ಮೇಲೆ ಶಿವನಲ್ಲಿ ಸೇರಿದವನು ಎಂದು ಆಮೆಚಿಪ್ಪಿನ ಪಿಟೀಲಿನ ಹಾಡುಗಾರ ಹಬ್ಬದಲ್ಲಿ ಹಾಡುತ್ತಾನೆ. ಅವನ ವಂಶದವರು ಚಾಮರ ರಾಜ್ಯ ಚಂಪಾದ ಕರಾವಳಿಯನ್ನು ಆಳುತ್ತಿದ್ದಾಗ ನಮ್ಮ ಬಂದರಿನಲ್ಲಿ ಹಡಗಿಗೆ ಹಡಗು ತಾಗಿ ನಿಲ್ಲುತ್ತಿತ್ತಂತೆ. ಅಗರಿನ ಹೊರೆ ಹತ್ತಿಸಿಕೊಂಡು ಹೋದವರು ರೇಷ್ಮೆ ಇಳಿಸಿ ಹೋಗುತ್ತಿದ್ದರಂತೆ. ಆಮೇಲೆ ಬಡಗಣದಿಂದ ವಿಯೆತ್ ದಂಡು ಇಳಿಯಿತು. ಒಂದು ಬಂದರು ಹೋಯಿತು, ಇನ್ನೊಂದು ಹೋಯಿತು, ಕೊನೆಗೆ ರಾಜಮನೆತನದಲ್ಲಿ ಉಳಿದವರು ಬೆಟ್ಟ ಹತ್ತಿದರು. ದೊರೆಯ ನಿಲುವಂಗಿ, ರುಮಾಲು ಇದ್ದ ಪೆಟ್ಟಿಗೆಯನ್ನು ಅಲ್ಲೇ ರಾಗ್ಲಾಯರ ಕೈಯಲ್ಲಿಟ್ಟರು. ಅವರ ಕೈಯಲ್ಲೇ ಏಕೆ ಅಂದರೆ, ಚಾಮರು ಅಕ್ಕ, ರಾಗ್ಲಾಯರು ಕೊನೆಯ ತಂಗಿ. ಎರಡೂ ಕಡೆಯವರು ಒಪ್ಪಿಕೊಂಡು ಬಂದ ಮಾತು ಇದು. ಹಿರಿಯರ ಬಟ್ಟೆ ಕಾಯುವುದು ಕಿರಿಮಗಳ ಪಾಲಿನ ಕೆಲಸ. ದೊರೆಯ ಬಟ್ಟೆಯೂ ಹಾಗೆಯೇ.

ರಾಜ್ಯ ಹೋಗಿ ನೂರಾರು ವರ್ಷವಾಯಿತು. ಪೆಟ್ಟಿಗೆ ಮಾತ್ರ ಪ್ರತಿ ಕಾತೆ ಹಬ್ಬದ ಹಿಂದಿನ ದಿನ ಬೆಟ್ಟದಿಂದ ಇಳಿಯುತ್ತದೆ. ಮಾರನೆಯ ದಿನ ದೊರೆಗೆ ಮೀಯಿಸಿ ಉಡಿಸುತ್ತಾರೆ, ಹಬ್ಬ ಮುಗಿದ ಮೇಲೆ ಪೆಟ್ಟಿಗೆ ಮತ್ತೆ ಬೆಟ್ಟ ಹತ್ತುತ್ತದೆ. ಒಂಬತ್ತು ವರ್ಷದ ಹತಾಯ್ ಗುಡಿಯ ಬಾಗಿಲಲ್ಲಿ ದೊಡ್ಡವರ ಸೊಂಟದ ನಡುವೆ ತಲೆ ತೂರಿಸಿ ಆ ನಿಲುವಂಗಿಯನ್ನು ಮೊದಲ ಸಲ ನೋಡಿದಳು. ಹಣ್ಣಾದ ದಾಳಿಂಬೆಯ ಬಣ್ಣದ ರೇಷ್ಮೆ, ಅಂಚಿಗೆ ಬಳ್ಳಿಯಂತೆ ಹರಿದ ನಾಗ. ಹೊರಗೆ ಬಂದವಳೇ ಮರಳಿನ ಮೇಲೆ ಕಡ್ಡಿಯಿಂದ ಆ ನಾಗನನ್ನು ಬರೆದಳು. ಆಮೇಲಿನ ವರ್ಷಗಳಲ್ಲಿ ಎಷ್ಟು ಸಲ ನೋಡಿದಳೋ, ಎಷ್ಟು ಸಲ ಬರೆದಳೋ. ದೊರೆಗೆ ಒಂದೇ ಒಂದು ಸಲ ತನ್ನ ಕೈಯ ಬಟ್ಟೆ ಉಡಿಸಬೇಕು ಎಂಬುದು ಅವಳ ಜೀವದ ಆಸೆಯಾಯಿತು. ಯಾರಿಗೂ ಹೇಳಲಿಲ್ಲ. ದೊರೆಯ ನಿಲುವಂಗಿ ಗಟ್ಟಿಯಾಗಿರುವಾಗ ಇಂಥ ಆಸೆ ಬಾಯಿಬಿಟ್ಟು ಹೇಳುವುದು ಒಳ್ಳೆಯದೂ ಅಲ್ಲ.

ಆಮೇಲೆ ಯುದ್ಧ ಬಂತು. ಯಾರ ಯುದ್ಧ ಎಂದು ಕೇಳಿದರೆ, ನಮ್ಮದಲ್ಲ, ಅಷ್ಟು ಗೊತ್ತು, ಅನ್ನುತ್ತಿದ್ದಳು ಹತಾಯ್. ಬೆಟ್ಟದ ಮೇಲೆ ವಿಮಾನ ಸುತ್ತಿದವು, ಕಾಡು ಹೊತ್ತಿ ಉರಿಯಿತು, ರಾಗ್ಲಾಯರ ಹಟ್ಟಿಗಳು ದಿಕ್ಕಾಪಾಲಾದವು. ಉಪ್ಪಿನ ಗಾಡಿ ನಿಂತಿತು. ಅಪ್ಪ ಹೋದ, ಅವನ ಹಿಂದೆಯೇ ತಾಯಿಯೂ ಹೋದಳು. ಆ ವರ್ಷ ಕಾತೆಗೆ ಪೆಟ್ಟಿಗೆ ಬರಲಿಲ್ಲ. ದಾರಿ ಮುಚ್ಚಿದೆ, ಮುಂದಿನ ವರ್ಷ ಬಂದೀತು ಎಂದುಕೊಂಡರು. ಮುಂದಿನ ವರ್ಷವೂ ಬರಲಿಲ್ಲ. ಗುಡಿಯ ಹಿರಿಯ ಪೂಜಾರಿ, ನಾವು ಅಧ್ಯಾ ಅನ್ನುತ್ತೇವೆ, ದೊರೆಗೆ ಬರಿಯ ಬಿಳಿ ಬಟ್ಟೆ ಸುತ್ತಿ ಪೂಜೆ ಮುಗಿಸಿದರು. ಹೀಗೆ ಒಂದಲ್ಲ ಎರಡಲ್ಲ, ಹನ್ನೊಂದು ಹಬ್ಬ.

ಪೆಟ್ಟಿಗೆ ಬಾರದಿದ್ದರೂ ಮಾತು ಬರುತ್ತದಲ್ಲ. ನಿಲುವಂಗಿಯನ್ನು ಯಾರೋ ಹೊರದೇಶದವನಿಗೆ ಮಾರಿದರಂತೆ ಎಂದು ಒಬ್ಬರು. ಸುಟ್ಟು ಬೂದಿಯಾಯಿತಂತೆ ಎಂದು ಇನ್ನೊಬ್ಬರು. ಬಿಳಿ ಬಟ್ಟೆಯಲ್ಲಿ ಅನಾಥನಂತೆ ಕೂತ ದೊರೆಯನ್ನು ನೋಡಿ ನೋಡಿ ಹತಾಯಳ ಹೊಟ್ಟೆ ಉರಿಯುತ್ತಿತ್ತು. ಬಾಯಿ ಮೊದಲೇ ಹರಿತ. ಬಾವಿಕಟ್ಟೆಯಲ್ಲಿ ನಿಂತು, ಬೆಟ್ಟದವರು ದೊರೆಯ ಬಟ್ಟೆ ಹರಿದು ಲಂಗೋಟಿ ಮಾಡಿಕೊಂಡಿರಬೇಕು ಅಂದಳು. ಕೇಳಿದವರು ನಕ್ಕರು. ಆ ಮಾತು ಅಲ್ಲಿಗೆ ನಿಲ್ಲದೆ ಊರಿಂದ ಊರಿಗೆ ಹೋಯಿತು, ಬೆಟ್ಟಕ್ಕೂ ಹೋಗಿರಬೇಕು.

ಪೆಟ್ಟಿಗೆ ಬಾರದ ಎಂಟನೆಯ ವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಒಬ್ಬ ರಾಗ್ಲಾಯ್ ಹೆಂಗಸು ಹತಾಯಳ ಬಾಗಿಲಿಗೆ ಬಂದಳು. ಹತಾಯಳಿಗಿಂತ ನಾಲ್ಕೈದು ವರ್ಷ ಚಿಕ್ಕವಳು. ಕಾಲೆಲ್ಲ ಮುಳ್ಳು ಗೀಚಿದ ಗಾಯ. ಸೋರೆಬುರುಡೆಯ ತುಂಬ ಜೇನು ತಂದು ಹೊಸ್ತಿಲ ಮೇಲಿಟ್ಟು, ತನಗೆ ಬಟ್ಟೆ ಬೇಡ, ನೂಲು ಬೇಕು ಅಂದಳು. ಕೆಂಪು ಒಂದು ಲಡಿ, ಕರಿ ಒಂದು ಲಡಿ. ಮಗ್ಗವೇ ಇಲ್ಲದವರಿಗೆ ನೂಲು ಏಕೆ ಎಂದು ಹತಾಯ್ ಕೇಳಿದಳು. ಹೆಂಗಸು ಉತ್ತರ ಕೊಡದೆ ನೆಲ ನೋಡಿದಳು. ಇನ್ನೊಮ್ಮೆ ಕೇಳಿದರೂ ಅಷ್ಟೆ. ಹತಾಯಳಿಗೆ ಎಲ್ಲಿತ್ತೋ ಸಿಟ್ಟು ನೆತ್ತಿಗೇರಿತು.

"ದೊರೆಯ ಬಟ್ಟೆ ನುಂಗಿ ನೀರು ಕುಡಿದೋರಿಗೆ ನಮ್ಮನೇಲಿ ನೂಲಿಲ್ಲ. ನಡಿ."

ಆ ಹೆಂಗಸು ತಲೆಯೆತ್ತಿ ಒಂದು ಸಲ ನೋಡಿದಳು. ಬಂದ ದಾರಿಯಲ್ಲೇ ಹೊರಟುಹೋದಳು. ಜೇನಿನ ಬುರುಡೆಯನ್ನು ಒಯ್ಯಲಿಲ್ಲ. ಹೊಸ್ತಿಲ ಮೇಲಿಟ್ಟದ್ದನ್ನು ವಾಪಸ್ ಎತ್ತಿಕೊಳ್ಳುವುದು ಅವರ ರೂಢಿಯಲ್ಲ. ಹತಾಯಳ ಗಂಡ, ವರ್ಷಕ್ಕೆ ಹತ್ತು ಮಾತಾಡುವ ಮನುಷ್ಯ, ಅವತ್ತು ಒಂದನ್ನು ಖರ್ಚು ಮಾಡಿದ. ಒಂದು ಲಡಿ ಕೊಟ್ಟಿದ್ದರೆ ಏನು ಹೋಗುತ್ತಿತ್ತು ಎಂದ. ಹತಾಯ್ ಕೇಳಿಸದವಳಂತೆ ಲಾಳಿ ಎಸೆದಳು. ಜೇನನ್ನು ಮಾತ್ರ ತಿಂಗಳಿಡೀ ಗೆಣಸಿಗೆ ಹಚ್ಚಿಕೊಂಡು ತಿಂದಳು. ಮುಂದೆ ಬದುಕಿನುದ್ದಕ್ಕೂ ಅವಳ ಗಂಟಲಿಗೆ ಅಡ್ಡ ನಿಂತದ್ದು ಬೈದ ಮಾತಿಗಿಂತ ಆ ಜೇನೇ.

ಯುದ್ಧ ನಿಂತಿತು. ಮೊದಲ ಕಾತೆಗೆ ಆರು ತಿಂಗಳು ಇರುವಾಗ ಅಧ್ಯಾ ಎಲೆಯಡಿಕೆ ಹಿಡಿದು ಹತಾಯಳ ಅಂಗಳಕ್ಕೆ ಬಂದರು. ದೊರೆಯನ್ನು ಎಷ್ಟು ವರ್ಷ ಹೀಗೆ ಕೂರಿಸುವುದು, ಹಳೆಯದು ಹೋಯಿತೆಂದೇ ಲೆಕ್ಕ, ನೀನು ಹೊಸದು ನೇಯಬೇಕು, ನಾಗನ ಅಂಚು ನೆನಪಿರುವವರು ಓಣಿಯಲ್ಲಿ ನೀನೊಬ್ಬಳೇ ಅಂದರು. ಹತಾಯ್ ತಲೆಬಟ್ಟೆಯ ತುದಿಯಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಹಿರಿಯರ ಬುಟ್ಟಿಯ ಕೆಳಗೆ ನಿಂತು, ಅಮ್ಮಾ, ನಿನ್ನ ಕೈ ನನಗೆ ಕೊಟ್ಟು ಹೋದೆಯಲ್ಲ, ಎಂದು ಅತ್ತಳು. ಓಣಿಯ ಹೆಂಗಸರೆಲ್ಲ ಮನೆಯಲ್ಲಿ ಬಚ್ಚಿಟ್ಟ ಒಳ್ಳೆಯ ನೂಲು ತಂದು ಸುರಿದರು. ದೊಡ್ಡಕ್ಕ ತನ್ನ ಮದುವೆಯ ರೇಷ್ಮೆಯನ್ನೇ ಬಿಚ್ಚಿ ಕೊಟ್ಟಳು. ಹತಾಯ್ ದಿನಾ ಮಿಂದು ಮಗ್ಗಕ್ಕೆ ಕೂತಳು. ಆರು ತಿಂಗಳಲ್ಲಿ ನಿಲುವಂಗಿ ಇಳಿಯಿತು. ನಾಗ ಮೈ ಹೊರಳಿಸಿ ಅಂಚಿನ ಮೇಲೆ ಹರಿದು ಹೋದಂತಿತ್ತು.

ಹಬ್ಬದ ಹಿಂದಿನ ದಿನ ಹೊಸ ನಿಲುವಂಗಿಯನ್ನು ಹಿತ್ತಾಳೆಯ ತಟ್ಟೆಯಲ್ಲಿಟ್ಟು ಊರ ಬಯಲಿನ ಚಪ್ಪರಕ್ಕೆ ತಂದರು. ಮಾರನೆಯ ದಿನದ ಮೇಕೆ, ಬಾಳೆಹಣ್ಣು, ಶುಂಠಿಯ ಬೇರಿನ ಹಾಗೆ ತಿರುಚಿ ಕರಿದ ತಿಂಡಿ, ಎಲ್ಲ ಸಿದ್ಧವಾಗಿತ್ತು. ಹೊತ್ತು ಇಳಿಯುತ್ತಿತ್ತು. ಆಗ ಒಣಹಳ್ಳದ ಕಡೆಯಿಂದ ಸೋರೆಬುರುಡೆಯ ವಾದ್ಯದ ಸದ್ದು ಕೇಳಿಸಿತು. ಹನ್ನೊಂದು ವರ್ಷ ಕೇಳದ ಸದ್ದು. ಮುದುಕರು ಕಿವಿಗೆ ಕೈಯಿಟ್ಟು ಆಲಿಸಿದರು, ಮಕ್ಕಳು ಹಳ್ಳದ ಕಡೆ ಓಡಿದವು. ಏಳು ಜನ ರಾಗ್ಲಾಯರು ಸಾಲಾಗಿ ಹತ್ತಿ ಬಂದರು. ಎಲುಬು ಕಾಣುವ ಮೈ. ಹೆಗಲ ಮೇಲಿನ ಬೊಂಬಿಗೆ ತೂಗುಹಾಕಿದ್ದು ಬಿದಿರಿನ ಬುಟ್ಟಿ. ಎಲ್ಲರ ಹಿಂದೆ ಬಂದವಳನ್ನು ಹತಾಯ್ ನೋಡಿದ ಕೂಡಲೇ ಗುರುತಿಸಿದಳು. ಜೇನು ತಂದವಳು.

ಅವಳ ಹೆಸರು ಥೋಮ್, ಪೆಟ್ಟಿಗೆ ಕಾಯುವ ಮನೆಯ ಕಿರಿಮಗಳು ಎಂದು ಅವರ ಹಿರಿಯ ಪರಿಚಯ ಹೇಳಿದ. ದೊರೆಯ ಬಟ್ಟೆ ತಂದಿದ್ದೇವೆ ಎಂದ. ಚಪ್ಪರದಲ್ಲಿ ಗುಜುಗುಜು ಎದ್ದಿತು. ಕೆಲವರು ಆಗಲೇ ಕೈಮುಗಿದಿದ್ದರು. ಸುಳ್ಳು ಏಕೆ ಹೇಳಬೇಕು, ಆ ಕ್ಷಣ ಹತಾಯಳಿಗೆ ಸಂತೋಷವಾಗಲಿಲ್ಲ. ನಾಳೆ ದೊರೆಯ ಮೈಮೇಲೆ ತನ್ನ ಬಟ್ಟೆ ಇರುವುದಿಲ್ಲ ಎಂಬುದೊಂದೇ ಅವಳಿಗೆ ಹೊಳೆದದ್ದು.

"ದೊರೆಯ ಪೆಟ್ಟಿಗೆ ಹಲಸಿನ ಮರದ್ದು," ಎಂದು ಎಲ್ಲರಿಗೂ ಕೇಳುವ ಹಾಗೆ ಅಂದಳು. "ಇದು ಕೋಳಿ ಬುಟ್ಟಿ. ಒಳಗಿರೋದು ಏನೋ ಯಾರಿಗೆ ಗೊತ್ತು."

ಅಧ್ಯಾ ಮುದುಕರು, ದುಡುಕುವವರಲ್ಲ. ಮಾತು ಸರಿ, ನೋಡಬೇಕಾದ್ದೇ ಎಂದರು. ಬಟ್ಟೆ ಬಲ್ಲವಳು ನೀನು, ನೀನೇ ನೋಡಿ ಹೇಳು, ನಿಜವಾದರೆ ನಾಳೆ ದೊರೆಗೆ ಇದನ್ನೇ ಉಡಿಸುತ್ತೇವೆ, ಅಲ್ಲದಿದ್ದರೆ ನಿನ್ನದು ಸಿದ್ಧವೇ ಇದೆ, ಎಂದು ಮಂತ್ರ ಹೇಳಿ ಬುಟ್ಟಿ ಬಿಚ್ಚಿದರು. ಇಡೀ ಊರು ಹತಾಯಳ ಬಾಯಿ ನೋಡುತ್ತ ನಿಂತಿತು. ಅವಳು ಇಲ್ಲ ಎಂದುಬಿಟ್ಟರೆ ಇಲ್ಲ. ಅವಳ ಮಾತಿಗೆ ಎದುರು ಹೇಳುವಷ್ಟು ಬಟ್ಟೆ ತಿಳಿದವರು ಅಲ್ಲಿ ಯಾರೂ ಇರಲಿಲ್ಲ.

ಚಾಪೆಯ ಮೇಲೆ ಹರವಿದ್ದನ್ನು ನೋಡಿ ಮುಂದೆ ನಿಂತವರು ನಿಟ್ಟುಸಿರು ಬಿಟ್ಟರು. ಬಟ್ಟೆಯ ತುಂಬ ಕರಿ ತೇಪೆಗಳು. ಕೆಂಪು ಎಲ್ಲಿದೆ ಎಂದು ಹುಡುಕಬೇಕು. ಇದು ದೊರೆಯದಲ್ಲ ಎಂದು ಯಾರೋ ಹಿಂದಿನಿಂದ ಅಂದೇಬಿಟ್ಟರು. ಹತಾಯ್ ಮಂಡಿಯೂರಿ ಅಂಚನ್ನು ಬೆರಳ ನಡುವೆ ಹಿಡಿದಳು. ಬೆರಳಿಗೆ ಕೂಡಲೇ ಗೊತ್ತಾಯಿತು. ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿದ್ದರೂ ಅದೇ ರೇಷ್ಮೆ. ಬಣ್ಣ ಮಾಸಿದ್ದರೂ ಅದೇ ನಾಗ, ಒಂಬತ್ತನೆಯ ವಯಸ್ಸಿನಿಂದ ಮರಳಿನ ಮೇಲೆ ಬರೆದ ನಾಗ. ಇಲ್ಲ ಅನ್ನಲು ಬಾಯಿ ಬಂದರೂ ಕೈ ಬರುವ ಹಾಗಿರಲಿಲ್ಲ.

ಆಮೇಲೆ ತೇಪೆಗಳನ್ನು ನೋಡಿದಳು. ಹೊಲಿದವರಿಗೆ ಹೊಲಿಗೆ ಬಾರದು ಎಂದು ಕಾಣುತ್ತಿತ್ತು. ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ, ಬಿದಿರಿನ ಬುಟ್ಟಿ ಹೆಣೆಯುವ ಹಾಗೆ ತೂತುಗಳ ಮೇಲೆ ನೂಲನ್ನು ಹೆಣೆದಿದ್ದರು. ಒಂದು ಎಳೆಯೂ ಸಡಿಲವಿರಲಿಲ್ಲ. ಹಳೆಯ ರೇಷ್ಮೆಗೆ ಎಲ್ಲೂ ಜಗ್ಗಿದ ಗುರುತಿಲ್ಲ. ಎಡಗಂಕುಳ ಕೆಳಗೆ ದೊಡ್ಡ ಹರಕು, ಅದಕ್ಕೆ ಮಾತ್ರ ಅಂಗೈಯಗಲದ ಬಟ್ಟೆಯ ತುಂಡನ್ನೇ ಇಟ್ಟು ಹೆಣೆದಿದ್ದರು. ಕರಿ ನೆಲ, ಕೆಂಪು ನಾಯಿಹೆಜ್ಜೆ. ದೊರೆಯ ಮೈಮೇಲೆ ನಾಯಿಹೆಜ್ಜೆಯೇ ಎಂದು ಹತಾಯಳಿಗೆ ಮೈ ಉರಿಯಿತು. ಉರಿಯುತ್ತಲೇ ಬೆರಳು ತಾನಾಗಿ ಎಣಿಸಿತು. ಒಂದು, ಎರಡು, ಮೂರು. ಇನ್ನೊಮ್ಮೆ ಎಣಿಸಿದಳು. ಪಕ್ಕದ ಹೆಜ್ಜೆಯನ್ನೂ ಎಣಿಸಿದಳು. ಮೂರು.

"ಈ ತುಂಡು ಎಲ್ಲಿಂದ ತಂದೆ?" ಎಂದು ಥೋಮಳನ್ನು ಕೇಳಿದಳು.

"ನನ್ನ ಲಂಗದ್ದಕ್ಕ," ಅಂದಳು ಥೋಮ್. "ನಮ್ಮಮ್ಮಂಗೆ ಉಪ್ಪಿನ ಗಾಡಿಯೋರು ಕೊಟ್ಟಿದ್ದು. ಸಾಯೋವಾಗ ನಂಗೆ ಕೊಟ್ಟಳು."

ಆಗ ಹತಾಯ್ ಅವಳ ಮೈ ನೋಡಿದಳು. ಥೋಮ್ ಉಟ್ಟಿದ್ದ ಕರಿ ಲಂಗ ಮೊಣಕಾಲಿಗೂ ಬರುತ್ತಿರಲಿಲ್ಲ. ಅಂಚೇ ಇರಲಿಲ್ಲ. ಕೆಳತುದಿಯಿಂದ ಎಳೆ ಎಳೆಯಾಗಿ ಬಿಚ್ಚಿ ಬಿಚ್ಚಿ ಉಳಿದಷ್ಟನ್ನು ಉಟ್ಟಿದ್ದಳು.

ಥೋಮ್ ಹೇಳಿದ್ದು ಹೆಚ್ಚೇನಿಲ್ಲ. ಹಟ್ಟಿಗೆ ಬೆಂಕಿ ಬಿದ್ದಾಗ ಮರದ ಪೆಟ್ಟಿಗೆ ಸುಟ್ಟಿತು. ಅವಳ ತಾಯಿ ಬಟ್ಟೆಯನ್ನು ಹೊಟ್ಟೆಗೆ ಸುತ್ತಿಕೊಂಡು ಓಡಿ ಬಂಡೆಯ ಗುಹೆಯಲ್ಲಿ ಬಚ್ಚಿಟ್ಟಳು. ಎರಡೂ ಕಡೆಯ ಸೈನಿಕರು ಕಾಡು ಜಾಲಾಡುತ್ತಿದ್ದರಿಂದ, ಯುದ್ಧ ಮುಗಿಯುವವರೆಗೆ ಒಡಹುಟ್ಟಿದವರಿಗೂ ಬಾಯಿ ಬಿಡಬೇಡ ಎಂದು ಮಗಳಿಂದ ಆಣೆ ಮಾಡಿಸಿಕೊಂಡು ಸತ್ತಳು. ಗುಹೆಯಲ್ಲಿ ತೇವ, ಇಲಿಯ ಕಾಟ. ಬಟ್ಟೆಗೆ ತೂತು ಬೀಳತೊಡಗಿತು.

"ಮುಚ್ಚಬೇಕಲ್ಲ. ಅದಕ್ಕೇ ನೂಲು ಕೇಳೋಕೆ ಬಂದೆ. ಯಾಕೆ ಅಂತ ನೀವು ಕೇಳಿದ್ರಿ, ಹೇಳೋ ಹಾಗಿರಲಿಲ್ಲ. ಆಮೇಲೆ ಲಂಗ ಬಿಚ್ಚಿದೆ." ತಪ್ಪು ಒಪ್ಪಿಕೊಳ್ಳುವವಳಂತೆ ಹೇಳಿದಳು: "ನಂಗೆ ನೇಯೋಕೆ ಬರಲ್ಲಕ್ಕ. ನಮ್ಮನೇಲಿ ಇದ್ದಿದ್ದರಲ್ಲಿ ಚಂದದ ತುಂಡು ಅಂದರೆ ಆ ನಾಯಿಹೆಜ್ಜೇದೇ. ದೊರೆಗೆ ಅಂತ ಅದನ್ನೇ ಹಾಕ್ದೆ."

ಹತಾಯ್ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಪೇಟೆಯವರು ಬೇಡವೆಂದ, ಓಣಿಯವರು ಆಡಿಕೊಂಡ, ತಾನೂ ಎಂಟನೆಯ ವಯಸ್ಸಿನಿಂದ ಒಳಗೊಳಗೇ ನಾಚಿಕೊಂಡ ಅಮ್ಮನ ತಪ್ಪು. ಅದನ್ನು ಒಬ್ಬಳು ತನ್ನ ಮನೆಯ ಚಂದದ ತುಂಡು ಎಂದು ಜೋಪಾನ ಮಾಡಿ, ಉಟ್ಟದ್ದನ್ನೇ ಬಿಚ್ಚಿ, ದೊರೆಯ ಮೈಗೆ ತಂದು ಮುಟ್ಟಿಸಿದ್ದಳು. ತಾನು ಕೊಡದ ನೂಲನ್ನು ಸತ್ತ ಅಮ್ಮ ಕೊಟ್ಟಿದ್ದಳು. ಹತಾಯ್ ಅತ್ತಳು. ಅಳುತ್ತಲೇ ಎದ್ದು ಊರವರ ಕಡೆ ತಿರುಗಿದಳು.

"ದೊರೆಯ ಬಟ್ಟೆ ಇದೇ. ಬಾವಿಕಟ್ಟೇಲಿ ನಾನು ಆಡಿದ್ದೆಲ್ಲ ಸುಳ್ಳು, ನಕ್ಕೋರು ಮರೆತುಬಿಡಿ. ನಾನೂ ಒಬ್ಬ ಕಿರಿಮಗಳೇ. ಬುಟ್ಟಿ ಕಾಯೋದು ಅಂದ್ರೆ ಏನು ಅಂತ ನಂಗಾದ್ರೂ ಗೊತ್ತಿರಬೇಕಿತ್ತು."

ಥೋಮಳ ಎರಡೂ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. ಕ್ಷಮಿಸು ಅನ್ನಲು ಹೋಗಿ ಬಾಯಿಗೆ ಬಂದದ್ದು ಬೇರೆ. "ಜೇನು ಚೆನ್ನಾಗಿತ್ತು ತಂಗಿ. ಪೂರ್ತಿ ತಿಂದುಬಿಟ್ಟೆ." ಥೋಮ್ ನಕ್ಕಳು. ಆ ನಗು ನೋಡಿ ಚಪ್ಪರದಲ್ಲಿದ್ದ ಗಂಡಸರೂ ಮುಖ ಒರೆಸಿಕೊಂಡರು.

ಹೊಸ ನಿಲುವಂಗಿಯನ್ನು ಏನು ಮಾಡುವುದು ಎಂದು ಅಧ್ಯಾ ಕೇಳಿದರು. ದೊರೆಯ ಹೆಸರಲ್ಲಿ ನೇಯ್ದದ್ದನ್ನು ಇನ್ನೊಬ್ಬರು ಉಡುವಂತಿಲ್ಲ. ಹತಾಯ್ ತಟ್ಟೆಯಿಂದ ಅದನ್ನು ಎತ್ತಿ, ಒಂದು ಸಲ ನಾಗನ ಮೇಲೆ ಕೈಯಾಡಿಸಿ, ಮಡಿಸಿ ಆ ಬಿದಿರ ಬುಟ್ಟಿಯ ತಳದಲ್ಲಿಟ್ಟಳು. ಹಳೆಯದು ತಡೆಯುವಷ್ಟು ದಿನ ದೊರೆ ಹಳೆಯದನ್ನೇ ಉಡಲಿ, ಇದು ಇವಳ ಮನೆಯಲ್ಲಿರಲಿ, ಯಾವಾಗ ಬೇಕೋ ಇವಳೇ ತೆಗೆದುಕೊಡಲಿ ಅಂದಳು. ಆಮೇಲೆ ಮನೆಗೆ ಹೋಗಿ, ಹಬ್ಬಕ್ಕೆಂದು ತನಗಾಗಿ ನೇಯ್ದಿಟ್ಟಿದ್ದ ಹೊಸ ಲಂಗ ತಂದು ತನ್ನ ಕೈಯಾರೆ ಥೋಮಳಿಗೆ ಉಡಿಸಿದಳು.

ಮಾರನೆಯ ದಿನ ದೊರೆ ಹನ್ನೊಂದು ವರ್ಷದ ಬಿಳಿ ಬಟ್ಟೆ ಬಿಟ್ಟು ತನ್ನ ನಿಲುವಂಗಿ ಉಟ್ಟ. ಪಿಟೀಲಿನವನು ಒಡ್ಡು ಕಟ್ಟಿದ ಹಾಡು ಹಾಡಿದ, ಬಂದರಿನ ಹಾಡು ಹಾಡಿದ, ಬೆಟ್ಟ ಹತ್ತಿದ ಹಾಡು ಹಾಡಿದ. ದೀಪದ ಬೆಳಕಿನಲ್ಲಿ ದೊರೆಯ ಎಡಮಗ್ಗುಲಲ್ಲಿ ಮೂರು ಬೆರಳಿನ ಹೆಜ್ಜೆ ಕಾಣುತ್ತಿತ್ತು. ತನ್ನ ಕೈಯ ಬಟ್ಟೆ ದೊರೆಗೆ ಉಡಿಸಬೇಕೆಂಬ ಆಸೆ ಹತಾಯಳಿಗೆ ಈಡೇರಲಿಲ್ಲ. ಅಮ್ಮನದು ಈಡೇರಿತು, ಅಮ್ಮ ಆಸೆಪಟ್ಟೇ ಇರಲಿಲ್ಲ. ಈ ಗುಡಿ, ಈ ದೊರೆ, ಈ ತಂಗಿ ತನಗೆ ಸಿಕ್ಕಿದ್ದೇ ದೊಡ್ಡದು ಎಂದುಕೊಂಡು ಹತಾಯ್ ಹಣೆ ನೆಲಕ್ಕೆ ಹಚ್ಚಿದಳು. ಯಾರ ಋಣವನ್ನೂ ಬಾಯಿಬಿಟ್ಟು ಹೇಳದಿದ್ದ ಹೆಂಗಸು ಅವತ್ತಿನಿಂದ ಮಗ್ಗಕ್ಕೆ ಕೂರುವ ಮುಂಚೆ ಬೆಟ್ಟದ ಕಡೆ ತಿರುಗಿ ಕೈಮುಗಿಯುವುದನ್ನು ಒಂದು ದಿನವೂ ತಪ್ಪಿಸಲಿಲ್ಲ.

ವರ್ಷದ ಮೊದಲ ಲಂಗ ಬೆಟ್ಟಕ್ಕೆ ಹೋಗತೊಡಗಿದ್ದು ಆಗಿನಿಂದ. ಅದರ ಅಂಚಿನಲ್ಲಿ ಹತಾಯ್ ಮೂರೇ ಬೆರಳು ನೇಯುತ್ತಿದ್ದಳು. ಸರಿ ಕಲಿತ ಕೈಗೆ ತಪ್ಪು ನೇಯುವುದು ಸುಲಭವಲ್ಲ. ಪ್ರತಿ ಹೆಜ್ಜೆಗೂ ನಿಂತು, ನೆನಪು ಮಾಡಿಕೊಂಡು, ಒಂದು ಕಡ್ಡಿ ಬಿಡಬೇಕು. ಎರಡು ದಿನದ ಕೆಲಸಕ್ಕೆ ನಾಲ್ಕು ದಿನ ಹಿಡಿಯುತ್ತಿತ್ತು. ಬೈಸಿಕೊಂಡ ಆ ಅಂಗಡಿಯವನು ಹೋಗುವ ಮುಂಚೆ, ಏನೇ ಅನ್ನಿ ಅಜ್ಜಿ, ನಿಮ್ಮ ನಾಯಿಗೆ ಒಂದು ಬೆರಳು ಕಡಿಮೆ ಬಿದ್ದಿದೆ, ಎಂದು ಸೇಡು ತೀರಿಸಿಕೊಂಡ. ಅಜ್ಜಿಯ ಸಿಟ್ಟೆಲ್ಲ ಇಳಿದುಹೋಯಿತು. ಕೂರಿಸಿ ಜೇನುನೀರು ಕೊಟ್ಟು ಕಳಿಸಿದಳು.

ಹತಾಯಜ್ಜಿ ಈಗಿಲ್ಲ. ಅವಳ ಬಟ್ಟೆಯೂ ಈಗ ತೊಲೆಯ ಬುಟ್ಟಿಯಲ್ಲಿದೆ, ಕಿರಿಮಗಳು ಕಾಯುತ್ತಾಳೆ. ಬಾಗಿಲ ಕಂಬದ ಮೊಳೆಗೆ ಕೆಂಪು ಒಂದು ಲಡಿ, ಕರಿ ಒಂದು ಲಡಿ ಯಾವಾಗಲೂ ನೇತಾಡುತ್ತಿರುತ್ತವೆ. ಬೆಟ್ಟದಿಂದ ಬಂದವರು ಬೇಕಾದಷ್ಟು ಬಿಡಿಸಿಕೊಂಡು ಹೋಗುತ್ತಾರೆ. ಯಾಕೆ ಎಂದು ಆ ಮನೆಯಲ್ಲಿ ಯಾರೂ ಕೇಳುವುದಿಲ್ಲ.